ಕಪ್ಪು ಚರ್ಮದ ಚೀಲದ ಬಣ್ಣ ಬಟ್ಟೆಗೆ ಹತ್ತುತ್ತಿದೆ, ಯಾವ ಸೀಲರ್ ಹಚ್ಚಿದರೆ ನಿಲ್ಲುತ್ತದೆ?

ಎರಡು ಕೋಟ್ ಸೀಲರ್ (ಬಣ್ಣ ಹೊರಗೆ ಬರದಂತೆ ಮೇಲೆ ಪೊರೆ ಕಟ್ಟುವ ದ್ರವ) ಹಾಕಿದ ಮೇಲೂ ಅಂಗಿಗೆ ಕಪ್ಪು ಹತ್ತುತ್ತಿದೆ, ಮೂರನೇ ಕೋಟ್‌ಗೆ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಮೂರನೇ ಕೋಟ್ ಬೇಡ. ಮೊದಲು ಆ ಡಬ್ಬಿ ಮುಚ್ಚಿಡಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಒಂದು ಮಳೆಗಾಲ ಪೂರ್ತಿ ಒದ್ದಾಡಿದ್ದೇನೆ.

ನಾನು ಕಾರವಾರದ ಕೋಡಿಬಾಗದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬೆಲ್ಟು, ಪರ್ಸು, ಹೆಗಲಿಗೆ ಹಾಕುವ ಚೀಲ ಹೊಲಿಯುತ್ತೇನೆ. ಶುರು ಮಾಡಿದ ಎರಡನೇ ವರ್ಷ, ಜುಲೈ ತಿಂಗಳು, ಅಂಕೋಲಾ ಕಡೆಯ ಶಾಲೆಯೊಂದರ ಶಿಕ್ಷಕರು ಬಂದು ನಿವೃತ್ತರಾಗುವ ಟೀಚರಿಗೆ ಕೊಡಲು ಕಪ್ಪು ಚೀಲ ಬೇಕು ಅಂದರು. ಸಮಯ ಇದ್ದದ್ದು ನಾಲ್ಕೇ ದಿನ. ಹೊಲಿಗೆಗೆ ಮೂರು ದಿನ ಹೋಯಿತು. ಬಣ್ಣ ಮತ್ತು ಸೀಲರ್ ಎರಡನ್ನೂ ಒಂದೇ ಸಂಜೆ ಮುಗಿಸಿದೆ.

ಸಮಾರಂಭದ ದಿನ ಆ ಟೀಚರು ತಮ್ಮ ತಾಯಿಯ ಕೆಂಪು ಅಂಚಿನ ಬಿಳಿ ಸೀರೆ ಉಟ್ಟಿದ್ದರು. ಚೀಲ ಕೈಗೆ ಕೊಟ್ಟ ಕೂಡಲೇ ಖುಷಿಯಿಂದ ಹೆಗಲಿಗೆ ಹಾಕಿಕೊಂಡು, ಹಾಗೇ ಮಳೆಯಲ್ಲಿ ಬಸ್ ಸ್ಟ್ಯಾಂಡಿಗೆ ನಡೆದಿದ್ದಾರೆ. ಮನೆಗೆ ಹೋಗಿ ನೋಡಿದರೆ ಹೆಗಲ ಮೇಲೆ ಎರಡು ಬೆರಳು ಅಗಲದ ಕಪ್ಪು ಪಟ್ಟಿ, ಸೊಂಟದ ಹತ್ತಿರ ಅಂಗೈ ಅಗಲದ ಕಲೆ. ಹೋಗಲೇ ಇಲ್ಲ. ದುಡ್ಡು ಪೂರ್ತಿ ವಾಪಸ್ ಕೊಟ್ಟೆ. ಅವರು ಒಂದು ಮಾತೂ ಬೈಯಲಿಲ್ಲ. ಆದರೆ ತಾಯಿಯ ಸೀರೆಗೆ ನಾನು ಏನು ಕೊಡಲಿ?

ಈಗ ತಪ್ಪು ಎಲ್ಲಾಯಿತು ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ, ನಿಮ್ಮದೂ ಇದೇ ಅಂತ ನನಗೆ ಅನಿಸುತ್ತಿದೆ. ನಾನು ಬಳಸಿದ್ದು ಸ್ಪಿರಿಟ್ ಡೈ, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಬಣ್ಣ. ಅದು ಹತ್ತೇ ನಿಮಿಷದಲ್ಲಿ ಮುಟ್ಟಿದರೆ ಒಣಗಿದಂತೆ ಇರುತ್ತದೆ. ಒಣಗಿದ್ದು ಸ್ಪಿರಿಟ್, ಅಷ್ಟೇ. ಬಣ್ಣ ಅಂದರೆ ಅದರಲ್ಲಿ ಕರಗಿದ್ದ ಪುಡಿ. ಚರ್ಮದ ನಾರು ತನಗೆ ಬೇಕಾದಷ್ಟು ಕುಡಿಯುತ್ತದೆ, ಮಿಕ್ಕಿದ್ದು ಮೇಲೆ ಪುಡಿಯಾಗಿ ಕೂತಿರುತ್ತದೆ. ಕಪ್ಪಿನಲ್ಲಿ ಈ ಪುಡಿ ಎಲ್ಲಕ್ಕಿಂತ ಜಾಸ್ತಿ. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಒರಗಿದರೆ ಬೆನ್ನೆಲ್ಲ ಬಿಳಿ ಆಗುತ್ತದಲ್ವಾ, ಹಾಗೆ. ನಾನು ಗಾಢ ಬರಲಿ ಅಂತ ನೀರು ಸೇರಿಸದ ಕಾಫಿ ಡಿಕಾಕ್ಷನ್‌ನಂಥ ದಪ್ಪ ಬಣ್ಣವನ್ನು ಮೂರು ಸಲ ಬಳಿದೆ. ಆ ಪುಡಿಯನ್ನು ಉಜ್ಜಿ ತೆಗೆಯಲೇ ಇಲ್ಲ. ಸೀದಾ ಅದರ ಮೇಲೇ ಅಕ್ರಿಲಿಕ್ ಸೀಲರ್ ಹಚ್ಚಿದೆ. ಆಗ ಸೀಲರ್ ಅಂಟಿದ್ದು ಚರ್ಮಕ್ಕಲ್ಲ, ಪುಡಿಗೆ. ಚೀಲದ ಹೆಗಲ ಪಟ್ಟಿ ನಾಲ್ಕು ಸಲ ಬಾಗಿದ ಕೂಡಲೇ ಆ ಪೊರೆ ಬಿರುಕು ಬಿಟ್ಟಿತು, ಮಳೆ ನೀರು ಮತ್ತು ಬೆವರು ಒಳಗೆ ಇಳಿದವು, ಬಣ್ಣ ಹೊರಗೆ ಬಂತು. ವಾಪಸ್ ಬಂದ ಚೀಲದ ಪಟ್ಟಿಯನ್ನು ಬಿಸಿಲಿಗೆ ಹಿಡಿದು ಬಗ್ಗಿಸಿ ನೋಡಿದೆ. ಕೂದಲೆಳೆಯಂಥ ಬಿರುಕುಗಳು, ಒಂದೊಂದರೊಳಗೂ ಕಾಡಿಗೆ ತುಂಬಿದಂತೆ ಕಪ್ಪು. ಒದ್ದೆ ಪಂಚೆ ತುಂಡಿನಿಂದ ಉಜ್ಜಿದೆ. ಹನ್ನೊಂದನೇ ತುಂಡಿಗೂ ಕಪ್ಪು ಬರುತ್ತಿತ್ತು.

ಹಾಗಾಗಿ ಯಾವ ಸೀಲರ್ ಅನ್ನೋದು ಪ್ರಶ್ನೆಯೇ ಅಲ್ಲ. ಉಜ್ಜಿದ ಚರ್ಮದ ಮೇಲೆ ಯಾವ ಅಕ್ರಿಲಿಕ್ ಆದರೂ ನಡೆಯುತ್ತದೆ, ಉಜ್ಜದೇ ಹೋದರೆ ಯಾವುದೂ ನಡೆಯುವುದಿಲ್ಲ. ಬಣ್ಣಕ್ಕೆ ಅರ್ಧಕ್ಕರ್ಧ ಥಿನ್ನರ್ ಬೆರೆಸಿ ತೆಳ್ಳಗೆ ಎರಡು ಮೂರು ಸಲ ಹಚ್ಚಿ. ಕನಿಷ್ಠ ಒಂದು ದಿನ ಬಿಡಿ, ನಮ್ಮ ಕಡೆಯ ಮಳೆಗಾಲದಲ್ಲಿ ನಾನು ಮೂರು ದಿನ ಫ್ಯಾನ್ ಕೆಳಗೆ ಬಿಡುತ್ತೇನೆ. ಆಮೇಲೆ ಹಳೆಯ ಹತ್ತಿ ಬಟ್ಟೆಯಿಂದ ಉಜ್ಜಿ. ತೋಳು ನೋಯುವವರೆಗೆ ಅಲ್ಲ, ಬಟ್ಟೆ ಬಿಳಿಯಾಗಿ ಬರುವವರೆಗೆ. ಸ್ವಲ್ಪ ಎಣ್ಣೆ ಕೊಟ್ಟು ಮರುದಿನ ಇನ್ನೊಮ್ಮೆ ಉಜ್ಜಿ. ಅದಾದ ಮೇಲೆ ಸೀಲರ್, ಅದನ್ನೂ ಅರ್ಧ ನೀರು ಬೆರೆಸಿ, ಸ್ಪಂಜಿನಿಂದ ತೆಳ್ಳಗೆ. ಕೊಡುವ ಮುಂಚೆ ಒಣ ಬಿಳಿ ಬಟ್ಟೆ, ಒದ್ದೆ ಬಿಳಿ ಬಟ್ಟೆ, ಎರಡರಿಂದಲೂ ಉಜ್ಜಿ ನೋಡಿ. ದೊಡ್ಡ ಕಾರ್ಖಾನೆಗಳಲ್ಲೂ ಪರೀಕ್ಷೆ ಹೀಗೇ: ಉಣ್ಣೆಯ ಫೆಲ್ಟ್ ತುಂಡಿನಿಂದ ಒಣದು, ಒದ್ದೆ, ಬೆವರಿನಂಥ ದ್ರಾವಣ ಹಾಕಿದ್ದು ಅಂತ ಉಜ್ಜಿ, ಹತ್ತಿದ ಕಲೆಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಪಟ್ಟಿಯ ಒಳಮೈಗೆ, ಅಂದರೆ ಜುಂಗಿರುವ ಕಡೆಗೆ, ಬಣ್ಣ ಹಚ್ಚಲೇಬೇಡಿ. ಬಟ್ಟೆಗೆ ತಾಗುವುದು ಅದೇ ಮೈ.

ಇಷ್ಟು ಹೇಳಿದರೂ ನಾನು ಈಗ ಕಪ್ಪು ಡೈ ಮುಟ್ಟುವುದೇ ಇಲ್ಲ. ಬಾಳೆಕಾಯಿ ಹೆಚ್ಚಿದಾಗ ಮೆಟ್ಟುಗತ್ತಿಯ ಅಲಗು ಕಪ್ಪಾಗುತ್ತದೆ, ಬೆರಳಿಗೆ ಹತ್ತಿದ ಕರೆ ಎರಡು ದಿನ ಹೋಗುವುದಿಲ್ಲ, ನೋಡಿದ್ದೀರಲ್ಲ? ಅದು ಬಾಳೆಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು. ಶಿರಸಿ ಕಡೆ ಕಾಡಿನಲ್ಲಿ ಸಿಗುವ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ತೊಗಟೆ, ಕಾಯಿಗಳಿಂದ ಹದ ಮಾಡಿದ ಚರ್ಮದಲ್ಲಿ ಆ ಒಗರು ಮೊದಲೇ ಇರುತ್ತದೆ. ನಾವು ಕಬ್ಬಿಣ ಕೊಟ್ಟರೆ ಸಾಕು, ನಾರಿನ ಒಳಗೇ ಕಪ್ಪು ಹುಟ್ಟುತ್ತದೆ. ಮೇಲೆ ಕೂರುವ ಪುಡಿಯೇ ಇಲ್ಲ.

ಸ್ಟೀಲ್ ವುಲ್ (ಉಣ್ಣೆಯಂತೆ ತೆಳುವಾದ ಕಬ್ಬಿಣದ ಎಳೆಗಳ ಉಂಡೆ) ಅನ್ನು ಸೋಪಿನಲ್ಲಿ ತೊಳೆದು ಎಣ್ಣೆ ತೆಗೆದು, ಬಿಳಿ ವಿನೆಗರ್‌ನಲ್ಲಿ ಎರಡು ವಾರ ನೆನೆಸಿಡಿ. ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ಬರುತ್ತದೆ. ಸೋಸಿ ಹಚ್ಚಿದರೆ ಚರ್ಮ ಮೊದಲು ಬೂದಿ ಬಣ್ಣಕ್ಕೆ ತಿರುಗಿ ಕಣ್ಣೆದುರೇ ಕಪ್ಪಾಗುತ್ತದೆ. ಮೊದಲೇ ಗಟ್ಟಿ ಚಹಾ ಬಳಿದಿದ್ದರೆ ಇನ್ನೂ ಗಾಢ. ಆಮೇಲೆ ಅಡಿಗೆ ಸೋಡಾ ಬೆರೆಸಿದ ನೀರಿನಲ್ಲಿ ಒಮ್ಮೆ ಒರೆಸಿ ಹುಳಿ ಕಳೆಯಲೇಬೇಕು, ಇಲ್ಲದಿದ್ದರೆ ಚರ್ಮ ಒರಟಾಗುತ್ತದೆ. ಕೊನೆಗೆ ಎಣ್ಣೆ. ತೊಗಟೆ, ಕಾಯಿಗಳ ಬದಲು ಕ್ರೋಮ್ ಲವಣದಲ್ಲಿ ಹದ ಮಾಡಿದ ಚರ್ಮಕ್ಕೆ ಇದು ಆಗುವುದಿಲ್ಲ, ಅದರಲ್ಲಿ ಒಗರು ಇರುವುದಿಲ್ಲ.

ನಿಮ್ಮ ಕೈಲಿರುವ ಚೀಲಕ್ಕೆ: ಡೀಗ್ಲೇಜರ್‌ನಿಂದ (ಚರ್ಮದ ಮೇಲಿನ ಪೊರೆ ಕರಗಿಸುವ ದ್ರವ) ಹಳೆಯ ಸೀಲರ್ ತೆಗೆದು, ಉಜ್ಜಿ, ಮತ್ತೆ ತೆಳ್ಳಗೆ ಸೀಲ್ ಮಾಡಿ ನೋಡಿ. ಏಳೆಂಟು ಬಟ್ಟೆ ಆದರೂ ಕಪ್ಪು ಬರುತ್ತಲೇ ಇದ್ದರೆ ಸುಮ್ನೆ ಒದ್ದಾಡಬೇಡಿ. ಪಟ್ಟಿ ಬಿಚ್ಚಿ, ಬಣ್ಣ ಹಾಕದ ಚರ್ಮದಲ್ಲಿ ಹೊಸದು ಕತ್ತರಿಸಿ. ಹಳೆಯದರ ತೂತುಗಳನ್ನೇ ಅಳತೆಗೆ ಇಟ್ಟುಕೊಂಡರೆ ಅರ್ಧ ದಿನದ ಕೆಲಸ.