ದೆ ಆಂದ್ರೆ ಕುರಿತ ನಿಮ್ಮ ಲೇಖನ: ಸಂಪಾದಕರ ಉತ್ತರ

ಪ್ರಿಯರೇ, ನಮಸ್ಕಾರ.

ಇಟಲಿಯ ಹಾಡುಗಾರ ಫಾಬ್ರಿತ್ಸಿಯೋ ದೆ ಆಂದ್ರೆ ಬಗ್ಗೆ ನೀವು ಕಳಿಸಿದ ‘ನೊಂದವರ ದನಿ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಬರೀ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ತಾನೇ ಬರೆದು, ರಾಗ ಹಾಕಿ, ಹಾಡುತ್ತಿದ್ದ ಇಂಥವನ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತವರು ಅಪರೂಪ. ನೀವು ಸಾಕಷ್ಟು ಓದಿಕೊಂಡಿದ್ದೀರಿ ಎಂಬುದೂ ಕಾಣುತ್ತದೆ.

ಮೊದಲು ಸಣ್ಣಪುಟ್ಟವು. ಆತ 1940ರಲ್ಲಿ ಹುಟ್ಟಿದ್ದು ಜೆನೋವಾದಲ್ಲಿ. ನೀವು ಎಲ್ಲ ಕಡೆ ಜಿನೀವಾ ಎಂದು ಬರೆದಿದ್ದೀರಿ. ಅದು ಸ್ವಿಟ್ಜರ್ಲೆಂಡಿನಲ್ಲಿ ಸರೋವರದ ದಂಡೆಗಿರುವ ಊರು. ಜೆನೋವಾ ಸಮುದ್ರದ ಬಂದರು. ಆ ಬಂದರಿನ ಓಣಿಗಳನ್ನು ತೆಗೆದರೆ ಇವನ ಅರ್ಧ ಹಾಡು ಉಳಿಯುವುದಿಲ್ಲ, ಆದ್ದರಿಂದ ಬೆರಳಚ್ಚಿನ ತಪ್ಪು ಎಂದು ಬಿಡುವಂತಿಲ್ಲ. ‘ಇಟಲಿಯ ಬಾಬ್ ಡಿಲನ್’, ‘ಇಟಲಿಯ ಶಿಶುನಾಳ ಶರೀಫ’ ಎರಡನ್ನೂ ಹೊಡೆದುಹಾಕಿದ್ದೇನೆ. ಡಿಲನ್‌ನ ಹಾಡುಗಳನ್ನು ಆತ ಇಟಾಲಿಯನ್‌ಗೆ ತಂದದ್ದು ನಿಜವೇ. ಆದರೆ ಅವನು ಗುರುವೆಂದು ಕಂಡದ್ದು ಫ್ರಾನ್ಸಿನ ಹಾಡುಗಾರ ಜಾರ್ಜ್ ಬ್ರಾಸಾನ್ಸ್‌ನನ್ನು. ಇನ್ನು ಶರೀಫರಿಗೂ ಅವನಿಗೂ ಏನು ಸಂಬಂಧ ಎಂಬುದಕ್ಕೆ ನೀವು ಒಂದು ವಾಕ್ಯವನ್ನೂ ಕೊಟ್ಟಿಲ್ಲ. ಶರೀಫರನ್ನು ಕಂಡಕಂಡಲ್ಲಿಗೆ ಎಳೆದು ತರುವುದು ನಮ್ಮಲ್ಲಿ ಒಂದು ಚಟವೇ ಆಗಿದೆ. (ನಿಮ್ಮೊಬ್ಬರನ್ನೇ ಅಂದದ್ದಲ್ಲ.)

ದೊಡ್ಡ ತೊಂದರೆ ಬೇರೆ. ಜನನ, ಓದು, ಮದುವೆ, ಆಲ್ಬಂ, ಇನ್ನೊಂದು ಆಲ್ಬಂ, ನಿಧನ ಎಂದು ಸಾಗುವ ನಿಮ್ಮ ಲೇಖನ ಸನ್ಮಾನ ಸಮಾರಂಭದ ಪರಿಚಯ ಭಾಷಣದಂತಿದೆ. ಎಲ್ಲವೂ ಇದೆ, ಮನುಷ್ಯ ಮಾತ್ರ ಇಲ್ಲ. ‘ಮರಿನೆಲ್ಲಾ’ ಹಾಡನ್ನೇ ನೋಡಿ. ‘1964ರಲ್ಲಿ ಬಂದ ಈ ಹೃದಯಸ್ಪರ್ಶಿ ಗೀತೆ ಜನಮಾನಸದಲ್ಲಿ ಅಚ್ಚಳಿಯದೆ ಉಳಿದಿದೆ’ ಎಂದು ಮುಗಿಸಿದ್ದೀರಿ. ಹೃದಯಕ್ಕೆ ತಟ್ಟಿದ್ದು ಏನು? ತಂದೆತಾಯಿ ಇಲ್ಲದೆ, ಹೊಟ್ಟೆಪಾಡಿಗೆ ಮೈ ಮಾರಿಕೊಳ್ಳುತ್ತಿದ್ದ ಹಳ್ಳಿಹುಡುಗಿಯೊಬ್ಬಳ ಕೈಚೀಲ ಕಿತ್ತುಕೊಂಡು ಯಾರೋ ಅವಳನ್ನು ನದಿಗೆ ತಳ್ಳಿದರು ಎಂಬ ಸುದ್ದಿಯನ್ನು ಆತ ಹುಡುಗನಾಗಿದ್ದಾಗ ಪತ್ರಿಕೆಯಲ್ಲಿ ಓದಿದ್ದ. ಹಾಡಿನಲ್ಲಿ ಕೊಲೆಗಾರನಿಲ್ಲ, ಕೈಚೀಲವಿಲ್ಲ. ಕಿರೀಟವಿಲ್ಲದ, ಹಿಂದೆಮುಂದೆ ಪರಿವಾರವಿಲ್ಲದ ಒಬ್ಬ ರಾಜ ಬಂದು ಅವಳ ಬಾಗಿಲನ್ನು ಮೂರು ಸಲ ತಟ್ಟುತ್ತಾನೆ. ಮನೆಗೆ ಮರಳುವಾಗ ಅವಳು ಕಾಲುಜಾರಿ ನದಿಗೆ ಬೀಳುತ್ತಾಳೆ. ಅವಳ ಬದುಕನ್ನಂತೂ ಹಿಂದಿರುಗಿಸಲಾರೆ, ಸಾವನ್ನಾದರೂ ಬದಲಿಸಲು ನೋಡಿದೆ ಎಂಬರ್ಥದಲ್ಲಿ ಆತನೇ ಮುಂದೆ ಹೇಳಿಕೊಂಡಿದ್ದಾನೆ. ಇಷ್ಟನ್ನು ಬರೆದರೆ ‘ಹೃದಯಸ್ಪರ್ಶಿ’ ತಾನಾಗಿಯೇ ಉದುರಿಹೋಗುತ್ತದೆ. ಇದೇ ಹಾಡನ್ನು 1960ರ ದಶಕದ ಕೊನೆಗೆ ಜನಪ್ರಿಯ ಗಾಯಕಿ ಮೀನಾ ಹಾಡಿದ್ದರಿಂದ ಕೈಗೆ ದುಡ್ಡು ಬಂದು, ಕಾನೂನಿನ ಓದು ಅಲ್ಲಿಗೇ ನಿಂತಿತು. ಅದನ್ನು ನೀವು ಹಾಡಿಗೆ ಜೋಡಿಸದೆ ಎರಡು ಪುಟ ಆಚೆ ಇಟ್ಟಿದ್ದೀರಿ.

ಈಗ ತಂದೆಯ ವಿಷಯ. ‘ಸಿರಿವಂತ ಕುಟುಂಬದಲ್ಲಿ ಜನಿಸಿದರೂ’ ಎಂದು ಅವರನ್ನು ಒಂದೇ ಮಾತಿನಲ್ಲಿ ದಾಟಿಬಿಟ್ಟಿರಿ. ನಿಮ್ಮ ಲೇಖನದ ಬೆನ್ನೆಲುಬೇ ಅಲ್ಲಿತ್ತು. ಜುಸೆಪ್ಪೆ ದೆ ಆಂದ್ರೆ ಜೆನೋವಾದ ಉಪಮೇಯರ್ ಆಗಿದ್ದವರು, ಎರಿದಾನಿಯಾ ಎಂಬ ದೊಡ್ಡ ಸಕ್ಕರೆ ಕಂಪನಿ ನಡೆಸಿದವರು. ಅಪ್ಪ ಆಳಿದ ಊರಿನ ಓಣಿಗಳಿಗೇ ಮಗ ಇಳಿದು, ಅಲ್ಲಿನ ವೇಶ್ಯೆಯರ, ಕುಡುಕರ, ಕಳ್ಳರ ಮೇಲೆ ಹಾಡು ಕಟ್ಟಿದ. ‘ಅಪ್ಪನನ್ನು ಧಿಕ್ಕರಿಸಿದ ಬಂಡಾಯಗಾರ’ ಎಂದು ಇಲ್ಲಿ ಬರೆಯುವುದು ಸುಲಭ. ಆದರೆ ಬ್ರಾಸಾನ್ಸ್‌ನ ರೆಕಾರ್ಡುಗಳನ್ನು ಫ್ರಾನ್ಸಿನಿಂದ ತಂದು ಮಗನ ಕೈಗಿಟ್ಟದ್ದು ಇದೇ ಅಪ್ಪ. ಮಗನ ಅಪಹರಣವಾದಾಗ ಹಣ ಹೊಂದಿಸಿದ್ದೂ ಅವರೇ. 1985ರಲ್ಲಿ ಸಾಯುವ ಮುನ್ನ ಕುಡಿತ ಬಿಡುತ್ತೇನೆಂದು ಮಗನಿಂದ ಮಾತು ತೆಗೆದುಕೊಂಡರು, ಮಗ ಬಿಟ್ಟ. ಬಡವರ ಪರ ಹಾಡಿದವನನ್ನು ಬಡವನಂತೆಯೇ ತೋರಿಸುವ ಆಸೆಗೆ ನೀವು ಇದನ್ನೆಲ್ಲ ಬದಿಗೆ ಸರಿಸಿದಿರೇನೋ. ಓದುಗರು ಅಷ್ಟು ದಡ್ಡರಲ್ಲ.

ಅಪಹರಣದ ಭಾಗ ಓದಿ ನನಗೆ ಕೋಪವೇ ಬಂತು. 1979ರ ಆಗಸ್ಟ್ 27ರ ರಾತ್ರಿ ಸಾರ್ದೀನಿಯಾ ದ್ವೀಪದ ತೆಂಪಿಯೋ ಪೌಸಾನಿಯಾ ಬಳಿಯ ತೋಟದ ಮನೆಯಿಂದ ಆತನನ್ನೂ ಸಂಗಾತಿ ದೋರಿ ಗೆತ್ಸಿಯನ್ನೂ ಹೊತ್ತೊಯ್ದರು. ಇದಕ್ಕೆ ನೀವು ಎರಡು ಪುಟ ಕೊಟ್ಟಿದ್ದೀರಿ. ‘ಅಲುಗಾಡಿದರೆ ಸುಟ್ಟುಬಿಡುತ್ತೇನೆ’ ಎಂದು ಮುಸುಕುಧಾರಿ ಗುಡುಗುತ್ತಾನೆ, ದೋರಿ ಕಣ್ಣೀರು ಒರೆಸಿಕೊಳ್ಳುತ್ತಾ ಉತ್ತರ ಕೊಡುತ್ತಾರೆ. ಈ ಮಾತುಗಳನ್ನು ಕೇಳಿಸಿಕೊಂಡವರು ಯಾರು? ಕಥೆ ಬರೆಯುವುದಾದರೆ ಕಥೆ ಎಂದೇ ಕಳಿಸಿ. ಜೀವನಚಿತ್ರದಲ್ಲಿ ಕಟ್ಟಿದ ಸಂಭಾಷಣೆ ಬಂದರೆ, ಉಳಿದ ನಿಜವನ್ನೂ ನಾನು ಅನುಮಾನದಿಂದಲೇ ಓದುತ್ತೇನೆ. ನಾಲ್ಕು ತಿಂಗಳ ಸೆರೆ, ಸುಮಾರು 55 ಕೋಟಿ ಲೀರಾ (ಆಗಿನ ಇಟಲಿಯ ನಾಣ್ಯ) ಒತ್ತೆಹಣ, ಡಿಸೆಂಬರಿನಲ್ಲಿ ಬಿಡುಗಡೆ. ಅಷ್ಟು ಸಾಕು. ನೀವು ಒಂದೂವರೆ ಸಾಲಿನಲ್ಲಿ ಮುಗಿಸಿದ್ದನ್ನು ಬೆಳೆಸಬೇಕಿತ್ತು: ಕಾವಲು ಕಾಯ್ದವರನ್ನು ಆತ ಕ್ಷಮಿಸಿದ, ಸಂಚು ಹೂಡಿದ ಉಳ್ಳವರನ್ನು ಕ್ಷಮಿಸಲಿಲ್ಲ, ದ್ವೀಪವನ್ನು ಬಿಟ್ಟೂ ಹೋಗಲಿಲ್ಲ. 1981ರ ಆಲ್ಬಂನಲ್ಲಿ ಸಾರ್ದೀನಿಯಾದವರನ್ನೂ ಅಮೆರಿಕದ ಮೂಲನಿವಾಸಿಗಳನ್ನೂ ಅಕ್ಕಪಕ್ಕ ಕೂರಿಸಿದ.

‘ಕ್ರೇಝಾ ದೆ ಮಾ’ಗೆ ‘ಪ್ರಯೋಗಶೀಲ ಆಲ್ಬಂ’ ಎಂಬ ಚೀಟಿ ಅಂಟಿಸಿ ಮುಂದೆ ಹೋಗಿದ್ದೀರಿ. 1984ರಲ್ಲಿ ಸಂಗೀತಗಾರ ಮೌರೋ ಪಗಾನಿ ಜೊತೆಗೂಡಿ, ಇಟಲಿಯವರಿಗೇ ಅರ್ಥವಾಗದ ಜೆನೋವಾದ ಆಡುನುಡಿಯಲ್ಲಿ, ಊದ್, ಬುಝೂಕಿಯಂಥ ತಂತಿವಾದ್ಯಗಳನ್ನಿಟ್ಟುಕೊಂಡು ಮಾಡಿದ್ದು ಅದು. ಮೊದಲ ಹಾಡಿನ ಕೊನೆಗೆ ಜೆನೋವಾದ ಮೀನುಮಾರುಕಟ್ಟೆಯವರ ಕೂಗು ಹಾಗೇ ಕೇಳಿಸುತ್ತದೆ. ಇನ್ನೊಂದರಲ್ಲಿ ಲೆಬನಾನಿನ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಂದೆಯ ಗೋಳಿದೆ. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಪೂರ್ತಿ ಕೇಳಿ, ಆಮೇಲೆ ಆ ಪ್ಯಾರಾ ಬರೆಯಿರಿ. ಕೇಳದೆ ಬರೆದಿದ್ದೀರಿ ಎಂದು ನನ್ನ ಗುಮಾನಿ.

1975ರ ಪ್ಯಾರಾವನ್ನು ಮುಟ್ಟಬೇಡಿ. ಮೊದಲ ರೆಕಾರ್ಡ್ ಬಂದು ಹದಿನಾಲ್ಕು ವರ್ಷವಾದ ಮೇಲೆ, ವೇದಿಕೆಗೆ ಹೆದರುತ್ತಿದ್ದವನು ವಿಯಾರೆಜ್ಜೋ ಊರಿನ ಬಳಿಯ ಕ್ಲಬ್ಬಿನಿಂದ ಪ್ರವಾಸ ಶುರುಮಾಡಿದ್ದನ್ನು ಒಂದೂ ವಿಶೇಷಣವಿಲ್ಲದೆ ಬರೆದಿದ್ದೀರಿ. ನಿಮ್ಮ ಬರವಣಿಗೆಯ ಕೈ ಅಲ್ಲಿದೆ.

1999ರ ಜನವರಿ 11ರ ಸಾವಿಗೆ ಒಂದು ವಾಕ್ಯ ಸಾಕು, ಆತ ‘ಅಮರ’ ಎನ್ನುವ ಪ್ಯಾರಾ ಪೂರ್ತಿ ತೆಗೆಯಿರಿ. ಒಂದೂವರೆ ಸಾವಿರ ಪದ ಮೀರದಂತೆ ಬರೆದು ಕಳಿಸಿ. ಅಂತರ್ಜಾಲದಿಂದ ಇಳಿಸಿಕೊಂಡ ಫೋಟೊ ಬೇಡ, ಹಕ್ಕಿನ ತಕರಾರು ನಮ್ಮ ತಲೆಗೆ ಬರುತ್ತದೆ.

ಇಂತಿ,
ಸಂಪಾದಕ