ಹಾಳೆ ಟ್ರೇಗೆ ಸರಿ, ಫೋರ್ಸೆಪ್ಸ್‌ಗೆ ಬೇಡ

ಅಡಿಕೆ ಹಾಳೆಯಿಂದಲೋ ಪಿಎಲ್‌ಎ ಎಂಬ ಸಸ್ಯಮೂಲದ ಪ್ಲಾಸ್ಟಿಕ್‌ನಿಂದಲೋ ಒಮ್ಮೆ ಬಳಸಿ ಎಸೆಯುವ ಫೋರ್ಸೆಪ್ಸ್ (ಶಸ್ತ್ರಚಿಕಿತ್ಸೆಯ ಚಿಮುಟ) ಮಾಡಿ, ಒತ್ತಡದ ಉಗಿಯಿಂದ ಕ್ರಿಮಿ ಕೊಲ್ಲುವ ಆಸ್ಪತ್ರೆಯ ಆಟೋಕ್ಲೇವ್‌ನಲ್ಲೇ ಕ್ರಿಮಿಶುದ್ಧಗೊಳಿಸಬಹುದೇ ಎಂದು ಕೇಳಿದ್ದೀರಿ. ಹಾಸನದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಥಿಯೇಟರ್‌ನ ಸಲಕರಣೆ ನೋಡಿಕೊಳ್ಳುವ ಕೆಲಸ ನನ್ನದು; ಇಂಥ ಪ್ರಯತ್ನ ನಮ್ಮ ಜಿಲ್ಲೆಯಲ್ಲೇ ನಡೆಯುತ್ತಿರುವುದು ನಿಜಕ್ಕೂ ಸಂತೋಷ.

ಆಟೋಕ್ಲೇವ್ ಬೇಡವೇ ಬೇಡ. ಸಾಮಾನ್ಯ ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಆಟೋಕ್ಲೇವ್‌ನ ಉಗಿ 121 ಡಿಗ್ರಿ ಮುಟ್ಟುತ್ತದೆ. ತುದಿ ಸ್ವಲ್ಪ ತಿರುಚಿಕೊಂಡರೂ ಹಲ್ಲಿಗೆ ಹಲ್ಲು ಕೂಡುವುದಿಲ್ಲ. ಕಡಿಮೆ ಬಿಸಿಯಲ್ಲೇ ಕ್ರಿಮಿ ಕೊಲ್ಲುವ ಎಥಿಲೀನ್ ಆಕ್ಸೈಡ್ ಅನಿಲದ ದಾರಿ ಹಿಡಿಯಿರಿ. ಗಾಮಾ ವಿಕಿರಣವೂ ಆದೀತು, ಆದರೆ ಅದು ಪಿಎಲ್‌ಎಯ ಅಣುಸರಪಣಿಯನ್ನು ಕತ್ತರಿಸುತ್ತದೆ. ಬಲಪರೀಕ್ಷೆಯನ್ನು ವಿಕಿರಣದ ನಂತರ ಮಾಡಿ.

ಹಾಳೆ ತಟ್ಟೆಯ ಕತ್ತರಿಸಿದ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿ, ನವಿರಾದ ನಾರು ಏಳುತ್ತದೆ. ಅಂಥದೊಂದು ಎಳೆ ಗಾಯದೊಳಗೆ ಉಳಿಯಬಾರದು. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟಿನ ಕಾಟ ಬೇರೆ. ವಾರ್ಡಿನಲ್ಲಿ ವಾಂತಿಗೆ ಹಿಡಿಯುವ ಕಿಡ್ನಿ ಟ್ರೇಗೆ ಹಾಳೆ ಸಾಕು.

ನೀವು ಕೇಳದ ಮಾತೊಂದಿದೆ, ನನಗೆ ಅದೇ ಮುಖ್ಯ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ ತಾಗಿದ್ದನ್ನು ಗೊಬ್ಬರದ ಗುಂಡಿಗೆ ಹಾಕುವಂತಿಲ್ಲ. ಪಿಎಲ್‌ಎ ಫೋರ್ಸೆಪ್ಸ್ ಆಸ್ಪತ್ರೆಯ ಪ್ಲಾಸ್ಟಿಕ್ ತ್ಯಾಜ್ಯದ ಕೆಂಪು ಚೀಲಕ್ಕೆ ಬಿದ್ದರೆ ಮರುಬಳಕೆಗೆ ಹೋಗುವ ಪ್ಲಾಸ್ಟಿಕ್ ಜೊತೆ ಬೆರೆತು ಅದನ್ನೂ ಕೆಡಿಸುತ್ತದೆ. ಆದ್ದರಿಂದ 'ಮಣ್ಣಿನಲ್ಲಿ ಕರಗುತ್ತದೆ' ಎಂಬುದನ್ನು ಯೋಜನೆಯ ಬಲವಾಗಿ ಬರೆಯಬೇಡಿ. ಪೆಟ್ರೋಲಿಯಂ ಉಳಿತಾಯವನ್ನು ಬರೆಯಿರಿ, ಹಿಡಿಯನ್ನು ಟೊಳ್ಳಾಗಿಸಿ ತೂಕ ಇಳಿಸಿ. ಮೊದಲ ಮಾದರಿಯನ್ನು ಒದ್ದೆ ಕೈಗವಸು ತೊಟ್ಟ ನರ್ಸ್ ಕೈಗೇ ಕೊಟ್ಟು ನೋಡಿ.