ಮೊದಲು ಕಡಲಿನ ಕಾಲ ನೋಡಿ, ಆಮೇಲೆ ಟಿಕೆಟ್ ಮಾಡಿ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ನೀವಿಬ್ಬರು, ಜೊತೆಗೆ 13 ಮತ್ತು 8 ವರ್ಷದ ಮಕ್ಕಳು, ಕೈಯಲ್ಲಿ 6 ದಿನ. ಬೀಚೂ ಬೇಕು, ಸ್ಕೂಬಾನೂ (ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ಕಡಲೊಳಗೆ ಇಳಿಯುವ ಡೈವ್) ಬೇಕು, ಯಾರಿಗೂ ಸರಿಯಾಗಿ ಈಜು ಬರಲ್ಲ. ಯಾವ ದ್ವೀಪ ಒಳ್ಳೇದು, ಕೊನೆಯ ದಿನ ಬೆಳಿಗ್ಗೆ ಡೈವ್ ಮುಗಿಸಿ ಸಂಜೆ ವಿಮಾನ ಹತ್ತಬಹುದಾ ಅಂತ ಕೇಳಿದ್ದೀರಿ.

ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡ್ತೀನಿ. ಹತ್ತಬಾರದು. ಆಳದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ನೈಟ್ರೋಜನ್ ಮೈಯೊಳಗೆ ಕರಗಿ ಸೇರಿಕೊಳ್ಳುತ್ತದೆ. ಅದು ನಿಧಾನವಾಗಿ ಹೊರಗೆ ಹೋಗಬೇಕು. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 2000 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ. ಒತ್ತಡ ಹಾಗೆ ಕಡಿಮೆಯಾದಾಗ, ಉಳಿದ ನೈಟ್ರೋಜನ್ ಗುಳ್ಳೆಯಾಗಿ ಕೀಲು, ನರಗಳಿಗೆ ತೊಂದರೆ ಕೊಡಬಹುದು. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು ಅಂತ ನಿಯಮ. ನಾನಂತೂ 24 ಗಂಟೆ ಬಿಡುತ್ತೇನೆ. ಎತ್ತರದ ಬೆಟ್ಟ ಹತ್ತುವುದಿದ್ದರೂ ಇದೇ ಎಚ್ಚರಿಕೆ ಬೇಕು.

ಇನ್ನು ದ್ವೀಪದ ವಿಷಯ. ಎಲ್ಲರೂ ಮೊದಲು ದ್ವೀಪ ಆರಿಸುತ್ತಾರೆ, ಆಮೇಲೆ ರಜೆ ಹೊಂದಿಸುತ್ತಾರೆ. ನೀವು ತಿರುಗಿಸಿ ಯೋಚಿಸಿ. ರಜೆ ಯಾವ ತಿಂಗಳು, ಆ ತಿಂಗಳಲ್ಲಿ ಎಲ್ಲಿ ಕಡಲು ಶಾಂತವಾಗಿರುತ್ತದೆ, ಅದನ್ನು ನೋಡಿ. ಥಾಯ್ಲೆಂಡಿನ ಪಶ್ಚಿಮಕ್ಕಿರುವ ಸಿಮಿಲನ್ ದ್ವೀಪಗಳನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿಬಿಡುತ್ತಾರೆ. ಅದೇ ದೇಶದ ಪೂರ್ವದ ಕಡೆಯ ಕೊ ಟಾವ್‌ನಲ್ಲಿ ಜುಲೈ, ಆಗಸ್ಟ್‌ನಲ್ಲಿ ಆರಾಮಾಗಿ ಡೈವ್ ನಡೆಯುತ್ತದೆ, ಅಲ್ಲಿ ಜೋರು ಮಳೆ ನವೆಂಬರ್ ಹೊತ್ತಿಗೆ. ಮಾಲ್ಡೀವ್ಸ್‌ನಲ್ಲಿ ಡಿಸೆಂಬರಿನಿಂದ ಏಪ್ರಿಲ್ ಒಣ ಹವೆ. ಆದರೆ ಹನಿಫಾರು ಕೊಲ್ಲಿಯಲ್ಲಿ ಮ್ಯಾಂಟಾ ರೇ ಅನ್ನೋ ರೆಕ್ಕೆಯಂಥ ದೊಡ್ಡ ಮೀನು ನೋಡಬೇಕು ಅಂದರೆ ಮಳೆಗಾಲದಲ್ಲೇ ಹೋಗಬೇಕು. ಕೆರಿಬಿಯನ್ ಕಡೆ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಕ್ಯಾಲೆಂಡರಿನಲ್ಲಿ ಹುಣ್ಣಿಮೆ, ಅಮಾವಾಸ್ಯೆ ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ಆ ದಿನಗಳ ಆಸುಪಾಸು ಉಬ್ಬರ ಇಳಿತ ಜಾಸ್ತಿ, ನೀರಿನ ಸೆಳೆತವೂ ಜಾಸ್ತಿ. ಹೊಸಬರು ಅಷ್ಟಮಿಯ ಹತ್ತಿರದ ದಿನಗಳಲ್ಲಿ ನೀರಿಗಿಳಿದರೆ ಹಗುರ. ಇಳಿತ ಜೋರಾಗಿದ್ದಾಗ ಕೆಲವು ಬೀಚುಗಳಲ್ಲಿ ನೀರು ತುಂಬಾ ದೂರ ಹೋಗಿ ಬರೀ ಕಲ್ಲು, ಹವಳ ಕಾಣುತ್ತದೆ. ಮಕ್ಕಳಿಗೆ ಈಜಲು ಜಾಗವೇ ಇರಲ್ಲ.

6 ದಿನವನ್ನು ಹೀಗೆ ಹಂಚಿ. ಮೊದಲ ದಿನ ತಲುಪಿ ವಿಶ್ರಾಂತಿ, ಸುಮ್ನೆ ಬೀಚ್. ಎರಡನೇ ದಿನ ಆಳವಿಲ್ಲದ ನೀರಿನಲ್ಲಿ ಮಾಸ್ಕ್, ಸ್ನಾರ್ಕೆಲ್ (ಮುಖ ನೀರಿನಲ್ಲಿಟ್ಟು ಉಸಿರಾಡುವ ಕೊಳವೆ) ಅಭ್ಯಾಸ. ಮೂರನೇ ದಿನ ಡೈವ್. ನಾಲ್ಕನೇ ದಿನವನ್ನು ಖಾಲಿ ಇಡಿ. ಮೂರನೇ ದಿನ ಗಾಳಿ ಎದ್ದು ದೋಣಿ ಹೊರಡದಿದ್ದರೆ ಅದು ಕೈ ಹಿಡಿಯುತ್ತದೆ, ಹೊರಟರೆ ಇನ್ನೊಂದು ಡೈವ್ ಸಿಗುತ್ತದೆ. ಐದನೇ ದಿನ ಟ್ಯಾಂಕ್ ಮುಟ್ಟಬೇಡಿ. ಆರನೇ ದಿನ ವಿಮಾನ.

ಈಜು ಬರದವರಿಗೂ ಟ್ರೈ ಡೈವ್, ಅಂದರೆ ಹೊಸಬರಿಗೆ ಒಂದು ಸಲ ರುಚಿ ತೋರಿಸುವ ಡೈವ್, ಮಾಡಿಸುವ ಕಡೆಗಳಿವೆ. ಇದರಲ್ಲಿ ಹೆಚ್ಚೆಂದರೆ 12 ಮೀಟರ್ ಆಳ, ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರಬೇಕು. ನೀವು ಮಾಡಬೇಕು ಅಂತ ನೋಡುತ್ತಿರುವ ಓಪನ್ ವಾಟರ್ ಕೋರ್ಸ್, ಅಂದರೆ ಡೈವರ್ ಅಂತ ಸರ್ಟಿಫಿಕೇಟ್ ಕೊಡುವ ತರಬೇತಿ, ಬೇರೆ. ಅದಕ್ಕೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಈ ಸಲ ಅದನ್ನು ಬಿಟ್ಟುಬಿಡಿ. ಈಜು ಕಲಿತು ಮುಂದಿನ ಸಲ ಮಾಡಿ. ದೊಡ್ಡ ಮಗು ಟ್ರೈ ಡೈವ್ ಮಾಡಬಹುದು, ಕಡಲಿನಲ್ಲಿ ಸಾಮಾನ್ಯವಾಗಿ 10 ವರ್ಷ ಆಗಿರಬೇಕು. ಚಿಕ್ಕದಕ್ಕೆ ಲೈಫ್ ಜಾಕೆಟ್ ಹಾಕಿ ಸ್ನಾರ್ಕೆಲ್ ಮಾಡಿಸಿ. ಹವಳ, ಬಣ್ಣದ ಮೀನು ಮೇಲಿನ 2 ಮೀಟರಿನಲ್ಲೇ ಎಷ್ಟೋ ಕಾಣುತ್ತದೆ. ಕೆಂಪು ಬಣ್ಣ ಕೆಳಗಿಳಿದಂತೆ ಮೊದಲು ಮಾಯವಾಗುತ್ತದೆ, ಹಾಗಾಗಿ ಬಣ್ಣದ ವಿಷಯದಲ್ಲಿ ಮೇಲಿರುವವರಿಗೇ ಲಾಭ.

ಈಗ ಕಿವಿ. ಇದನ್ನು ದಯವಿಟ್ಟು ಎರಡು ಸಲ ಓದಿ. ಇಳಿದ ಎರಡು ಮೂರು ಮೀಟರಿನಲ್ಲೇ ಕಿವಿ ಬಿಗಿಯುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಮೂಗು ಹಿಡಿದು ಮೆಲ್ಲಗೆ ಊದಿದರೆ ಒಳಗೆ ಟಿಕ್ ಅಂತ ಸದ್ದಾಗಿ ಕಿವಿ ಬಿಡುತ್ತದೆ. ನೋವು ಬರುವ ಮೊದಲೇ ಊದಬೇಕು, ಮತ್ತೆ ಮತ್ತೆ ಊದುತ್ತಾ ಇಳಿಯಬೇಕು. ನೋವು ಬಂದರೆ ಅಲ್ಲೇ ನಿಲ್ಲಿ, ಒಂದು ಮೀಟರ್ ಮೇಲೆ ಬಂದು ಇನ್ನೊಮ್ಮೆ ಪ್ರಯತ್ನಿಸಿ. ಜೋರಾಗಿ ಮಾತ್ರ ಊದಬೇಡಿ. ನಾನೊಮ್ಮೆ ನೆಗಡಿ ಇದೆ ಅಂತ ಹೇಳಿದ್ದರೂ ಒಂದು ಡೈವ್ ಸೆಂಟರಿನವರು ಏನೂ ಆಗಲ್ಲ, ಬನ್ನಿ ಅಂದರು. 5 ಮೀಟರಿನಲ್ಲಿ ಕಿವಿಯೊಳಗೆ ಸೂಜಿ ಚುಚ್ಚಿದ ಹಾಗಾಯಿತು. ಕೈ ಅಲ್ಲಾಡಿಸಿ ತೋರಿಸಿದೆ, ಮೇಲೆ ಕರೆತಂದರು. ಎರಡು ವಾರ ಆ ಕಿವಿ ಹತ್ತಿ ತುರುಕಿದ ಹಾಗೇ ಇತ್ತು. ನೆಗಡಿ ಇದ್ದರೆ ದುಡ್ಡು ಹೋದರೂ ಪರವಾಗಿಲ್ಲ, ಇಳಿಯಬೇಡಿ.

ನೀರಿನೊಳಗೆ ಉಸಿರು ಕಟ್ಟಬಾರದು, ಇದು ಎಲ್ಲಕ್ಕಿಂತ ಮುಖ್ಯ. 10 ಮೀಟರಿನಿಂದ ಮೇಲೆ ಬರುವಷ್ಟರಲ್ಲಿ ಎದೆಯೊಳಗಿನ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಉಸಿರು ಹಿಡಿದರೆ ಶ್ವಾಸಕೋಶಕ್ಕೇ ಪೆಟ್ಟು. ಕೈಸನ್ನೆಯನ್ನೂ ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಿ. ಹೆಬ್ಬೆರಳು ಮೇಲೆತ್ತಿದರೆ ಅಲ್ಲಿ ಚೆನ್ನಾಗಿದೆ ಅಂತಲ್ಲ, ಮೇಲೆ ಹೋಗೋಣ ಅಂತ. ಚೆನ್ನಾಗಿದೆ ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ಸೆಂಟರ್ ಆರಿಸುವಾಗ ನಾನು ಮೊದಲು ನೋಡೋದು ಆರೋಗ್ಯದ ಫಾರ್ಮ್. ಆಸ್ತಮಾ, ಹೃದಯ, ಫಿಟ್ಸ್, ಕಿವಿಯ ಆಪರೇಷನ್, ಗರ್ಭಿಣಿಯೇ ಅಂತೆಲ್ಲ ಕೇಳಲೇಬೇಕು. ಯಾವುದಕ್ಕಾದರೂ ಹೌದು ಅನ್ನುವಂತಿದ್ದರೆ ಹೊರಡುವ ಮೊದಲೇ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಫಾರ್ಮೇ ಕೊಡದ ಜಾಗದಲ್ಲಿ ನಿಲ್ಲಬೇಡಿ. ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ ಅಂತ ಕೇಳಿ. ಈಜು ಬರದವರಿಗೆ ಒಬ್ಬರಿಗೊಬ್ಬರು ಇರಲಿ. ದೋಣಿಯಲ್ಲಿ ಆಕ್ಸಿಜನ್ ಸಿಲಿಂಡರ್ ಇದೆಯಾ ಅಂತಲೂ ಕೇಳಿ. ಇದನ್ನೆಲ್ಲ ಕೇಳಿದರೆ ಒಳ್ಳೆಯವರು ಬೇಜಾರು ಮಾಡಿಕೊಳ್ಳಲ್ಲ.

ಮಾಸ್ಕ್ ಮಾತ್ರ ಸ್ವಂತದ್ದು ತಗೊಳ್ಳಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದಾಗ ಬೀಳದೆ ಅಂಟಿಕೊಂಡರೆ ಅದು ನಿಮ್ಮ ಅಳತೆ. ಹೊಸ ಮಾಸ್ಕಿನ ಗಾಜಿನ ಒಳಗಡೆ ಜಿಡ್ಡಿನ ಪದರ ಇರುತ್ತದೆ. ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ತಿಕ್ಕಿ ತೊಳೆಯದಿದ್ದರೆ ನೀರಿಗಿಳಿದ ಕೂಡಲೇ ಮಂಜು ಕಟ್ಟುತ್ತದೆ. ಬೆನ್ನು ಸುಡದಂತೆ ಉದ್ದ ತೋಳಿನ ಈಜುಡುಗೆ ಹಾಕಿ, ಆಗ ಸನ್‌ಸ್ಕ್ರೀನ್ ಕಡಿಮೆ ಸಾಕು. ಆಕ್ಸಿಬೆಂಜೋನ್ ಅನ್ನೋ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಹವಳಕ್ಕೆ ಹಾನಿ ಅಂತ ಪಲಾವ್ ದೇಶ 2020ರಲ್ಲಿ, ಹವಾಯಿ 2021ರಲ್ಲಿ ನಿಷೇಧಿಸಿವೆ. ದೋಣಿಯಲ್ಲಿ ವಾಂತಿ ಬರುವವರು ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ನುಂಗಬೇಕು, ಯಾವ ಮಾತ್ರೆ ಅಂತ ಡಾಕ್ಟರನ್ನೇ ಕೇಳಿ. ಪ್ರವಾಸದ ವಿಮೆಯಲ್ಲಿ ಸ್ಕೂಬಾ ಸೇರಿದೆಯಾ ಅಂತ ಓದಿ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಇರಲ್ಲ.

ಹವಳದ ಮೇಲೆ ಕಾಲಿಡಬೇಡಿ, ಕೈಯಲ್ಲಿ ಹಿಡಿಯಬೇಡಿ. ಅದು ಕಲ್ಲಲ್ಲ, ಜೀವ. ಕಡಲು ಬಿಸಿಯಾಗಿ ಜಗತ್ತಿನಾದ್ಯಂತ ಹವಳ ಬಿಳಿಚಿಕೊಳ್ಳುತ್ತಿದೆ ಅಂತ 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಘೋಷಿಸಿದರು, ಹೀಗಾಗಿದ್ದು ಅದು ನಾಲ್ಕನೇ ಸಲ. ಹಾಗಾಗಿ ಹಳೆಯ ಫೋಟೋ ನಂಬಿ ಜಾಗ ಆರಿಸಬೇಡಿ. ಕಳೆದ ತಿಂಗಳು ಹೋಗಿ ಬಂದವರ ವಿಡಿಯೋ ಕೇಳಿ ನೋಡಿ.

ನಿಮ್ಮ ರಜೆ ಯಾವ ತಿಂಗಳು ಅಂತ ಬರೆದಿಲ್ಲ. ತಿಂಗಳು ಹೇಳಿ, ಆ ಹೊತ್ತಿಗೆ ಕಡಲು ಶಾಂತವಾಗಿರುವ ಎರಡು ಮೂರು ಜಾಗ ಇಲ್ಲೇ ಬರೆಯುತ್ತೇನೆ.